ಜರ್ಮನಿಯಿಂದ ಬಂದ ಸೊಸೆಗೆ ‘ಗೌರಿ’ ಎನ್ನಬಹುದೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ನನ್ನ ಹೆಂಡತಿ ಜರ್ಮನಿಯವಳು. ಮದುವೆಯಾಗಿ ಎರಡು ವರ್ಷ ಅಲ್ಲೇ ಇದ್ದೆವು, ಈಗ ಊರಿಗೆ ಬಂದು ನೆಲೆಸಿದ್ದೇವೆ. ಅವಳ ಹೆಸರು ನಮ್ಮ ಆಯಿಗಾಗಲಿ (ಅಮ್ಮನಿಗಾಗಲಿ) ಕೇರಿಯವರಿಗಾಗಲಿ ಬಾಯಿಗೆ ಬರುತ್ತಿಲ್ಲ. ಆಯಿ ‘ಗೌರಿ’ ಎಂದು ಕರೆಯಲು ಶುರು ಮಾಡಿದ್ದಾಳೆ. ಹೆಂಡತಿಗೆ ಇಷ್ಟವೇ. ಆದರೆ ಅವಳ ತಾಯಿಗೆ ಇದನ್ನು ಕೇಳಿ ಬೇಜಾರಾಗಿದೆ. ಬೆಂಗಳೂರಿನ ಗೆಳೆಯರು ‘ವಿದೇಶದವರು ನಮ್ಮ ಹೆಸರು ಇಟ್ಟುಕೊಳ್ಳೋದು ವೇಷ ಹಾಕಿದ ಹಾಗೆ’ ಅಂತಾರೆ. ಇದು ಸರಿಯೇ, ತಪ್ಪೇ? ದಾಖಲೆಗಳಲ್ಲೂ ಹೆಸರು ಬದಲಿಸಬೇಕಾ? ಮಳೆಗಾಲದ ಹೊತ್ತಿಗೆ ನಮಗೆ ಮಗು ಬರುವುದಿದೆ. (ಹೆಸರು ಬೇಡ, ಶಿರಸಿ ತಾಲ್ಲೂಕು)

ಉತ್ತರ: ಗೌರಿ ಎಂದು ಧಾರಾಳವಾಗಿ ಕರೆಯಿರಿ. ಅವರಿಗೆ ಇಷ್ಟ ಇದೆ ಎಂದು ನೀವೇ ಬರೆದಿದ್ದೀರಿ, ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕಿಲ್ಲ. ಆದರೆ ಎರಡು ಷರತ್ತು. ಒಂದು, ಕಾಗದಪತ್ರದಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಎರಡು, ಅವರ ಹುಟ್ಟು ಹೆಸರನ್ನು ಮನೆಯವರೆಲ್ಲ ಕಲಿಯಿರಿ, ಆಯಿಯೂ ಸೇರಿ. ಗೌರಿ ಎಂಬ ಹೆಸರು ಆ ಹೆಸರಿನ ಪಕ್ಕದಲ್ಲಿ ಬಂದು ಕೂರಲಿ. ಅದನ್ನು ಎಬ್ಬಿಸಿ ಕೂರುವುದು ಬೇಡ.

ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ನಿಮ್ಮ ಮನೆಯನ್ನೇ ನೋಡಿ. ಬೆಳಗಿನಿಂದ ಸಂಜೆವರೆಗೆ ಯಾರು ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ? ತುಂಬಾ ಕಡಿಮೆ, ಅಲ್ವಾ? ಚಿಕ್ಕವರು ನಿಮ್ಮ ಹೆಂಡತಿಗೆ ಅತ್ತಿಗೆ ಎನ್ನುತ್ತಾರೆ. ಅಕ್ಕನ ಮಕ್ಕಳಿಗೆ ಅವರು ಅತ್ತೆ. ಪಕ್ಕದ ಮನೆ ಅಜ್ಜಿಯ ಬಾಯಲ್ಲಿ ‘ತಂಗಿ’ ಅಥವಾ ‘ಕೂಸೆ’. ತೋಟಕ್ಕೆ ಬರುವ ಆಳುಗಳ ಬಾಯಲ್ಲಿ ‘ಅಮ್ಮ’. ದೂರದವರಿಗೆ ‘ಅವರ ಮನೆ ಸೊಸೆ’. ಮಾಣಿ, ಕೂಸು, ಅಕ್ಕ, ಭಾವ, ಮಾವ, ಇವುಗಳಲ್ಲೇ ನಮ್ಮ ದಿನ ಕಳೆಯುತ್ತದೆ. ಮಲೆನಾಡಿನ ಮನೆಗಳಲ್ಲಿ ಹೆಸರಿಗೆ ಕೆಲಸ ಕಡಿಮೆ, ನಂಟಿಗೆ ಕೆಲಸ ಜಾಸ್ತಿ.

ಹಾಗಾಗಿ ಊರು ಒಬ್ಬರನ್ನು ನಮ್ಮವರು ಎಂದು ಒಪ್ಪಿಕೊಳ್ಳುವುದು ಹೆಸರಿನಿಂದಲ್ಲ. ಯಾವ ದಿನ ನಿಮ್ಮ ಸಣ್ಣಪ್ಪನ ಮಗಳು ‘ಅತ್ತಿಗೇ, ಚಾ ಆತಾ?’ ಎಂದು ಹಿತ್ತಿಲ ಬಾಗಿಲಿನಿಂದ ಕೂಗುತ್ತಾಳೋ ಆ ದಿನ ಕೆಲಸ ಮುಗಿಯಿತು. ನಿಮ್ಮ ಹೆಂಡತಿಗೂ ಇದನ್ನೇ ಮೊದಲು ಹೇಳಿಕೊಡಿ. ಯಾರಿಗೆ ಭಾವ ಎನ್ನಬೇಕು, ಯಾರಿಗೆ ಮಾವ, ಯಾರಿಗೆ ಸುಮ್ನೆ ಹೆಸರು ಹೇಳಿದರೆ ಸಾಕು, ಯಾರಿಗೆ ಬಹುವಚನ ತಪ್ಪಬಾರದು, ಇದನ್ನು ಒಂದು ಕಾಗದದಲ್ಲಿ ವಂಶವೃಕ್ಷ ಬರೆದು ತೋರಿಸಿ. ಜರ್ಮನಿಯಲ್ಲಿ ಅತ್ತೆಯನ್ನೂ ಹೆಸರು ಹಿಡಿದೇ ಕರೆಯುವ ಮನೆಗಳು ಎಷ್ಟೋ ಇವೆ. ಅಲ್ಲಿಂದ ಬಂದವರಿಗೆ ಇಲ್ಲಿ ಹಿರಿಯರ ಹೆಸರು ಹೇಳುವುದೇ ಇಲ್ಲ ಎನ್ನುವುದು ತಾನಾಗಿ ಹೊಳೆಯುವುದಿಲ್ಲ. ಗೌರಿ ಎಂಬ ಹೆಸರಿಗಿಂತ ಈ ಕಾಗದ ಅವರಿಗೆ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತದೆ.

ಇನ್ನು ಒಬ್ಬರಿಗೆ ಎರಡು ಹೆಸರು ಎನ್ನುವುದು ನಮಗೇನು ಹೊಸದೇ? ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಆಮೇಲೆ ಅಜ್ಜನ ಹೆಸರು ಹಿಡಿದು ಮಗುವನ್ನು ಬೈಯುವುದು ಹೇಗೆ ಎಂದು ಕರೆಯಲು ಇನ್ನೊಂದು ಹೆಸರು ಹುಡುಕುತ್ತೇವೆ. ಶಾಲೆಯಲ್ಲಿ ಒಂದು, ಮನೆಯಲ್ಲಿ ಒಂದು, ಜಾತಕದಲ್ಲಿ ನಕ್ಷತ್ರದ ಪಾದ ನೋಡಿ ಇಟ್ಟದ್ದು ಮತ್ತೊಂದು. ಐವತ್ತು ದಾಟಿದವರನ್ನೂ ‘ಪುಟ್ಟು’ ಎಂದೇ ಕರೆಯುವ ಮನೆಗಳು ನಿಮ್ಮ ಊರಲ್ಲೇ ಇದ್ದಾವು.

ಕರಾವಳಿಗೆ ಇಳಿದರೆ ಊರೇ ಹೆಸರಾಗುತ್ತದೆ. ಯಕ್ಷಗಾನ ನೋಡುವವರು ‘ನಿನ್ನೆ ಚಿಟ್ಟಾಣಿಯವರ ಪಾತ್ರ ಇತ್ತು’ ಎನ್ನುತ್ತಿದ್ದರು. 2012ರಲ್ಲಿ ಪದ್ಮಶ್ರೀ ಪಡೆದ ರಾಮಚಂದ್ರ ಹೆಗಡೆಯವರು ಜನರ ಬಾಯಲ್ಲಿ ಕೊನೆಯವರೆಗೂ ಚಿಟ್ಟಾಣಿಯೇ. ಗುಣವಂತೆಯ ಶಿವರಾಮ ಹೆಗಡೆ, ಶಂಭು ಹೆಗಡೆಯವರು ಕೆರೆಮನೆಯವರು. ಚಿತ್ರಾಪುರ ಸಾರಸ್ವತರಲ್ಲಂತೂ ಕೈಕಿಣಿ, ಗೋಕರ್ಣ, ಹೊನ್ನಾವರ, ಮಾವಿನಕುರ್ವೆ, ಎಲ್ಲವೂ ಊರು, ಎಲ್ಲವೂ ಅಡ್ಡಹೆಸರು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ಹುಟ್ಟಿದ ವಾರವೇ ಹೆಸರಾಗುವುದುಂಟು. ಶುಕ್ರವಾರ ಹುಟ್ಟಿದವಳು ಸುಕ್ರಿ, ಸೋಮವಾರದವಳು ಸೋಮಿ. ಹೀಗೆ ಹೆಸರನ್ನು ಊರಿನಿಂದ, ಮನೆಯಿಂದ, ವಾರದಿಂದ ಪಡೆಯುವ ಜಿಲ್ಲೆಯಲ್ಲಿ ನಿಮ್ಮ ಆಯಿ ಸೊಸೆಗೊಂದು ಕರೆಯುವ ಹೆಸರು ಕೊಟ್ಟಿದ್ದು ಪ್ರೀತಿಯ ಕೆಲಸವೇ. ಅದನ್ನು ನಾನು ಸಣ್ಣದು ಮಾಡುವುದಿಲ್ಲ.

ಆದರೆ ಇದೇ ಜಿಲ್ಲೆಯಲ್ಲಿ ಹೆಸರಿನ ಇನ್ನೊಂದು ಕಥೆಯೂ ಇದೆ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಯಲ್ಲಾಪುರ, ಹಳಿಯಾಳ, ಅಂಕೋಲಾ, ನಿಮ್ಮದೇ ಶಿರಸಿಯ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇವತ್ತು ಹಿಂದೂ ಸಿದ್ದಿಗಳಲ್ಲಿ ಗಣಪತಿ, ಪರಶುರಾಮ, ಲಕ್ಷ್ಮಿ ಇದ್ದಾರೆ. ಕ್ರೈಸ್ತ ಸಿದ್ದಿಗಳಲ್ಲಿ ಪೋರ್ಚುಗೀಸ್ ಕಡೆಯ ಹೆಸರು, ಮುಸ್ಲಿಂ ಸಿದ್ದಿಗಳಲ್ಲಿ ಅರಬಿ ಹೆಸರು. ಕೊನೆಯಲ್ಲಿ ‘ಸಿದ್ದಿ’ ಎಂಬ ಒಂದು ಶಬ್ದ ಎಲ್ಲರನ್ನೂ ಕಟ್ಟಿ ಹಿಡಿದಿದೆ. ಅವರು ಈ ಮಣ್ಣಿನವರು, 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಆ ಹೆಸರುಗಳೂ ಅವರವೇ. ಆದರೆ ಮೊದಲು ಬಂದ ಅಜ್ಜ ಯಾವ ಹೆಸರಿನಿಂದ ಹಡಗು ಹತ್ತಿದ್ದ ಎಂದು ಹೇಳುವವರು ಯಾರೂ ಉಳಿದಿಲ್ಲ. ಆ ಹೆಸರನ್ನು ನೆನಪಿಟ್ಟುಕೊಳ್ಳುವ ಅವಕಾಶವನ್ನೇ ಅವರಿಗೆ ಕೊಡಲಿಲ್ಲ.

ಗೋವೆಯಲ್ಲೂ ಹಾಗೆಯೇ ಆಯಿತು. ಹದಿನಾರನೇ ಶತಮಾನದಲ್ಲಿ ಮತಾಂತರವಾದವರಿಗೆ ಪೋರ್ಚುಗೀಸ್ ಹೆಸರು ಬಂತು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ನ್ಯಾಯಾಲಯ ಶುರುವಾದ ಮೇಲೆ ಹಳೆಯ ಆಚಾರಕ್ಕೂ ಶಿಕ್ಷೆ. ಒಪ್ಪದ ಎಷ್ಟೋ ಕುಟುಂಬಗಳು ದೇವರನ್ನು ಹೊತ್ತುಕೊಂಡು ತೆಂಕಣಕ್ಕೆ, ಕಾರವಾರ, ಅಂಕೋಲಾ, ಕುಮಟೆಯ ಕಡೆಗೆ ಬಂದವು. ಇದು ಗೋವೆಯದಷ್ಟೇ ಅಲ್ಲ. 1940ರಲ್ಲಿ ಕೊರಿಯಾದ ಜನ ಜಪಾನಿ ಹೆಸರು ಇಟ್ಟುಕೊಳ್ಳುವಂತೆ ಜಪಾನಿನ ಆಡಳಿತ ಒತ್ತಾಯ ಮಾಡಿತು. 1984-85ರ ಚಳಿಗಾಲದಲ್ಲಿ ಬಲ್ಗೇರಿಯಾದ ಸರ್ಕಾರ ಅಲ್ಲಿಯ ತುರ್ಕರ ಹೆಸರುಗಳನ್ನೆಲ್ಲ ಬದಲಿಸಿತು. ಹೆಸರು ಕಿತ್ತುಕೊಳ್ಳುವುದು ಅಧಿಕಾರದಲ್ಲಿ ಇದ್ದವರು ಮಾಡಿದ ಹಳೆಯ ಅನ್ಯಾಯ.

ನಮ್ಮ ಮನೆಯೊಳಗೂ ಇದರ ಮೆತ್ತಗಿನ ರೂಪ ಇದೆ. ಕಾರವಾರ, ಕುಮಟೆಯ ಎಷ್ಟೋ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮದುಮಗ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಿದ್ದ. ಅಂದಿನಿಂದ ತವರಿನ ಹೆಸರು ತವರಿಗಷ್ಟೇ. ಕೆಲವರಿಗೆ ಹೊಸ ಹೆಸರು ಖುಷಿಯೇ ಕೊಟ್ಟಿತು. ಆದರೆ ನಿನಗೆ ಬೇಕಾ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆಯಲ್ಲ, ಅವರ ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಡ್ಜ್ ಆಗಿದ್ದಾಗ ಕವಿ ಅಲ್ಲಿಗೆ ಬಂದು ಉಳಿದಿದ್ದರು. 1883ರ ಡಿಸೆಂಬರಿನಲ್ಲಿ ಅವರ ಮದುವೆ ಆಯಿತು. ಹುಡುಗಿ ಭವತಾರಿಣಿ, ಇನ್ನೂ ಎಳೆಯ ಮಗು. ಗಂಡನ ಮನೆಗೆ ಬಂದ ಮೇಲೆ ಅವಳು ಮೃಣಾಲಿನಿಯಾದಳು. ಹೆಸರು ಚೆಂದವೇ. ಕೇಳಿದವರು ಯಾರು?

ಇದರ ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು ನೋಡಿ. ಮ್ಯಾಡಲೀನ್ ಸ್ಲೇಡ್ ಇಂಗ್ಲೆಂಡಿನ ನೌಕಾ ಅಧಿಕಾರಿಯ ಮಗಳು. 1925ರ ನವೆಂಬರಿನಲ್ಲಿ ತಾವಾಗಿಯೇ ಸಾಬರಮತಿಗೆ ಬಂದರು. ಬರುವ ಮೊದಲೇ ನೂಲು ತೆಗೆಯುವುದು, ನೆಲದ ಮೇಲೆ ಕೂರುವುದು, ಸಸ್ಯಾಹಾರ ಎಲ್ಲವನ್ನೂ ಅಭ್ಯಾಸ ಮಾಡಿಕೊಂಡಿದ್ದರು. ಗಾಂಧೀಜಿ ಮೀರಾ ಎಂದು ಕರೆದರು, ಅವರು ಒಪ್ಪಿಕೊಂಡರು. ಅದಕ್ಕೂ ಮೊದಲು, 1898ರಲ್ಲಿ ವಿವೇಕಾನಂದರ ಶಿಷ್ಯೆ ಮಾರ್ಗರೆಟ್ ನೋಬಲ್ ಅವರು ನಿವೇದಿತಾ ಆದರು. ಇವರಿಬ್ಬರೂ ಬೆಳೆದವರು, ಬೇಕೆಂದು ತೆಗೆದುಕೊಂಡವರು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಇಲ್ಲಿ. ಹೆಸರು ಯಾರು ಕೊಟ್ಟರು ಎನ್ನುವುದಕ್ಕಿಂತ, ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ಇತ್ತೇ ಎಂದು ಕೇಳಬೇಕು.

ನಿಮ್ಮ ಹೆಂಡತಿಗೆ ಇಷ್ಟ ಎಂದಿದ್ದೀರಿ. ದಯವಿಟ್ಟು ಇನ್ನೊಮ್ಮೆ ಕೇಳಿ. ಆಯಿಯ ಎದುರಿಗೆ ಕೇಳಬೇಡಿ, ಇಬ್ಬರೇ ಇದ್ದಾಗ ಕೇಳಿ. ಹೊಸ ಮನೆಗೆ ಬಂದವರು, ಅದೂ ಪರದೇಶದವರು, ಮೊದಲ ದಿನಗಳಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಆಗ ಬೇಡ ಎಂದರೆ, ಯಾರೂ ಮುಖ ಸಣ್ಣದು ಮಾಡದೆ ಬಿಟ್ಟುಬಿಡುವಂತಿರಬೇಕು.

ಈಗ ಬೆಂಗಳೂರಿನ ಗೆಳೆಯರ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಗೋಕರ್ಣದಲ್ಲಿ ಎರಡು ವಾರದ ಯೋಗ ಶಿಬಿರಕ್ಕೆ ಬಂದು, ಒಂದು ದೇವಿಯ ಹೆಸರು ಇಟ್ಟುಕೊಂಡು, ಊರಿಗೆ ಮರಳಿ ಆ ಹೆಸರಿನಲ್ಲೇ ತರಗತಿ ನಡೆಸಿ ಹಣ ಮಾಡುವವರಿದ್ದಾರೆ. ಆ ಹೆಸರನ್ನು ಕೊಟ್ಟ ಊರಿನ ಜನರ ಜೊತೆ ಅವರಿಗೆ ಮಾತುಕತೆಯೂ ಇರುವುದಿಲ್ಲ. ಅದನ್ನು ವೇಷ ಎಂದರೆ ನನಗೂ ಒಪ್ಪಿಗೆ. ನಿಮ್ಮ ಹೆಂಡತಿಯ ವಿಷಯ ಬೇರೆ. ಇಲ್ಲಿ ಹೆಸರು ಅವರು ತೆಗೆದುಕೊಂಡದ್ದಲ್ಲ, ಅತ್ತೆ ಕೊಟ್ಟದ್ದು. ಬಳಸುವವರು ಕೇರಿಯವರು. ಬಳಕೆಯ ಜಾಗ ಅಡುಗೆಮನೆ, ಅಂಗಳ, ತೋಟ. ಅಡಿಕೆಗೆ ಕೊಳೆರೋಗ ಬಂದ ವರ್ಷ ಚಿಂತೆ ಮಾಡುವವರ ಜೊತೆ ಅವರೂ ಕೂತು ಚಿಂತೆ ಮಾಡುತ್ತಾರೆ. ಗೆಳೆಯರನ್ನು ಒಮ್ಮೆ ಮನೆಗೆ ಕರೆದು ನಾಲ್ಕು ದಿನ ಉಳಿಸಿಕೊಳ್ಳಿ, ವಾದ ಬೇಡ.

ಹಾಗಂತ ಇಲ್ಲಿಯವರಾಗಲು ಇಲ್ಲಿಯ ಹೆಸರು ಬೇಕೇ ಬೇಕು ಎಂದೂ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ‘ಬಾಯಿಗೆ ಬರುತ್ತಿಲ್ಲ’ ಎಂಬ ಮಾತು ಇದೆ. ಇಂಗ್ಲೆಂಡಿನಿಂದ ಬಂದ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮನೆ ಕಟ್ಟುತ್ತಾ ಭಾರತದ ಪ್ರಜೆಯಾದರು, ಹೆಸರು ಬೇಕರ್ ಆಗಿಯೇ ಉಳಿಯಿತು. ಮುಂಡಗೋಡಿನ ಟಿಬೆಟನ್ನರು 1966ರಿಂದ ನಮ್ಮ ಜಿಲ್ಲೆಯವರು. ಪೇಟೆಗೆ ಬಂದರೆ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಹೆಸರು ಮಾತ್ರ ತೆಂಜಿನ್, ದೋರ್ಜೆ, ಡೋಲ್ಮಾ. ನೆರೆಯವರಿಗೆ ಅದು ಕಷ್ಟವೆನಿಸಿಲ್ಲ. ಇನ್ನು ನಿಮ್ಮ ಹೆಂಡತಿಯ ದೇಶದವರೇ ಆದ ಫರ್ಡಿನಾಂಡ್ ಕಿಟೆಲ್ ಇದ್ದಾರಲ್ಲ! 1853ರಲ್ಲಿ ಬಾಸೆಲ್ ಮಿಷನ್ ಕೆಲಸಕ್ಕೆ ಬಂದು, 1894ರಲ್ಲಿ ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟರು. ಅವರನ್ನು ನಾವು ಯಾವ ಕನ್ನಡ ಹೆಸರಿನಿಂದಲೂ ಕರೆಯಲಿಲ್ಲ. ಕಿಟೆಲ್ ಎಂಬುದೇ ನಮ್ಮ ಹೆಸರಾಯಿತು. ಧಾರವಾಡದಲ್ಲಿ ಆ ಹೆಸರಿನ ಕಾಲೇಜಿದೆ, ಅಲ್ಲಿ ಓದಿದವರು ನಿಮ್ಮ ಶಿರಸಿಯಲ್ಲೂ ಇದ್ದಾರು.

ಆಯಿಗೆ ಬಾಯಿ ತಿರುಗುವುದಿಲ್ಲ ಎನ್ನುತ್ತೀರಿ. ನಿಮ್ಮ ಮನೆಯಲ್ಲಿ ಮಳೆಗಾಲದ ಮೊದಲು ಅಡಿಕೆ ಕೊನೆಗೆ ಏನು ಹೊಡೆಯುತ್ತೀರಿ? ಕೊಳೆರೋಗದ ಔಷಧಿ, ಬೋರ್ಡೋ. ಅದು ಫ್ರಾನ್ಸಿನ ಒಂದು ಪಟ್ಟಣದ ಹೆಸರು. ಆಯಿ ಅದನ್ನು ದಿನಕ್ಕೆ ಹತ್ತು ಸಲ ಹೇಳಿಯಾರು. ಬೇಕಾದ ಹೆಸರು ಬಾಯಿಗೆ ಬಂದೇ ಬರುತ್ತದೆ. ನಿಮ್ಮ ಹೆಂಡತಿ ತಮ್ಮ ಹೆಸರನ್ನು ನಿಧಾನವಾಗಿ, ತುಂಡು ತುಂಡಾಗಿ, ಆಮೇಲೆ ಒಟ್ಟಿಗೆ ಹೇಳಲಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ. ಕನ್ನಡ ಲಿಪಿಯಲ್ಲಿ ಕಿವಿಗೆ ಕೇಳಿದ ಹಾಗೆ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಜರ್ಮನ್ ಭಾಷೆಯ ಕೆಲವು ಸ್ವರಗಳು ನಮ್ಮಲ್ಲಿ ಇಲ್ಲ. ತುಟಿ ಗುಂಡಗೆ ಮಾಡಿ ‘ಎ’ ಹೇಳಬೇಕಾಗುತ್ತದೆ, ‘ಇ’ ಹೇಳಬೇಕಾಗುತ್ತದೆ. ಅದು ಸರಿಯಾಗಿ ಬರದಿದ್ದರೂ ಅಡ್ಡಿಯಿಲ್ಲ. ಆಯಿಯ ಬಾಯಲ್ಲಿ ಸ್ವಲ್ಪ ಸೊಟ್ಟಗೆ ಬಂದ ಆ ಹೆಸರನ್ನು ಕೇಳಿ ನಿಮ್ಮ ಹೆಂಡತಿಯ ಕಣ್ಣು ತುಂಬಿದರೆ ನನಗೆ ಆಶ್ಚರ್ಯವಿಲ್ಲ. ಪರದೇಶದಲ್ಲಿ ಇರುವವರಿಗೆ ದಿನವಿಡೀ ತಮ್ಮ ಹೆಸರು ಕಿವಿಗೆ ಬೀಳದಿದ್ದರೆ ಒಂದು ಒಂಟಿತನ ಬರುತ್ತದೆ. ನಮ್ಮೂರಿನ ಹುಡುಗರು ಹೊರದೇಶದ ಆಫೀಸುಗಳಲ್ಲಿ ಹೆಸರು ಮೊಟಕು ಮಾಡಿಕೊಂಡು ಬದುಕುವಾಗ ಅನುಭವಿಸುವುದೂ ಅದನ್ನೇ.

ಅವರ ತಾಯಿಯ ಬೇಜಾರನ್ನು ಹಗುರವಾಗಿ ನೋಡಬೇಡಿ. ಆ ಹೆಸರು ಹುಡುಕಿ ಇಟ್ಟವರು ಅವರು. ಮಗಳು ಏಳು ಸಾವಿರ ಕಿಲೋಮೀಟರ್ ದೂರ ಹೋದಳು, ಈಗ ಹೆಸರೂ ಹೋಯಿತು ಎಂದು ಅವರಿಗೆ ಅನಿಸಿರಬೇಕು. ವಿವರಣೆ ಕೊಟ್ಟರೆ ಅದು ಹೋಗುವುದಿಲ್ಲ. ಮುಂದಿನ ಸಲ ವಿಡಿಯೊ ಕರೆ ಮಾಡುವಾಗ ಆಯಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಯಿ ಅವರ ಎದುರಿಗೆ ಸೊಸೆಯನ್ನು ಹುಟ್ಟು ಹೆಸರಿನಿಂದಲೇ ಕರೆಯಲಿ. ಆಮೇಲೆ ಗೌರಿ ಎನ್ನುವುದು ಯಾಕೆ ಬಂತು ಎಂದು ನಿಮ್ಮ ಹೆಂಡತಿ ತಿಳಿಸಿ ಹೇಳಲಿ. ನಮ್ಮಲ್ಲಿ ಭಾದ್ರಪದದಲ್ಲಿ ಗೌರಿ ತವರಿಗೆ ಬರುತ್ತಾಳೆ, ಮರುದಿನ ಮಗ ಗಣಪತಿ ಬರುತ್ತಾನೆ ಎಂದೂ ಹೇಳಲಿ. ತವರಿಗೆ ಬರುವ ಮಗಳ ಹೆಸರು ಎಂದು ಗೊತ್ತಾದರೆ ಆ ತಾಯಿಗೆ ಸ್ವಲ್ಪ ಸಮಾಧಾನ ಆದೀತು.

ಗೌರಿ ಎಂಬ ಆಯ್ಕೆಯ ಬಗ್ಗೆ ಒಂದೆರಡು ಮಾತು. ಒಳ್ಳೆಯ ಹೆಸರೇ. ಎರಡೇ ಅಕ್ಷರ, ಜರ್ಮನ್ ಬಾಯಿಗೂ ಸುಲಭ. ತಮ್ಮ ಹೆಸರನ್ನು ತಾವೇ ಹೇಳಲು ಬರಬೇಕು, ಫೋನಿನಲ್ಲಿ ಹೇಳಿದರೆ ಅಂಗಡಿಯವನಿಗೆ ತಿಳಿಯಬೇಕು. ‘ಳ’, ‘ಣ’, ಮಹಾಪ್ರಾಣ ಇರುವ ಹೆಸರುಗಳು ಅವರಿಗೆ ಕಷ್ಟ. ಆದರೆ ಮನೆಯ ಹಿರಿಯರಲ್ಲಿ ಬೇರೆ ಗೌರಿ ಇದ್ದಾರೆಯೇ ಎಂದು ನೋಡಿಕೊಳ್ಳಿ. ದೊಡ್ಡತ್ತೆಯ ಹೆಸರೂ ಅದೇ ಆದರೆ ಎರಡು ಕಡೆಯವರಿಗೂ ಮುಜುಗರ. ಪುರೋಹಿತರು ಸಂಕಲ್ಪ ಮಾಡಿಸುವಾಗ ಗೌರಿ ಎಂದರೂ ಸರಿ, ಹುಟ್ಟು ಹೆಸರು ಹೇಳಿದರೂ ಸರಿ. ಅಲ್ಲಿ ಯಾವ ರಿಜಿಸ್ಟರೂ ಇಲ್ಲ.

ಇನ್ನು ಕಾಗದಪತ್ರ. ಇಲ್ಲಿ ನಾನು ಗಟ್ಟಿ.

ಭಾರತದಲ್ಲಿ ಹೆಸರು ಬದಲಿಸುವ ದಾರಿ ನಮಗೆಲ್ಲ ಗೊತ್ತು. ನೋಟರಿ ಹತ್ತಿರ ಅಫಿಡವಿಟ್, ಪೇಪರಿನಲ್ಲಿ ಜಾಹೀರಾತು, ಆಮೇಲೆ ಗೆಜೆಟ್. ಈ ದಾರಿ ಭಾರತದ ಪ್ರಜೆಗಳಿಗೆ. ನಿಮ್ಮ ಹೆಂಡತಿ ಜರ್ಮನಿಯ ಪ್ರಜೆ. ಅವರ ಹೆಸರು ಏನೆಂದು ತೀರ್ಮಾನಿಸುವುದು ಜರ್ಮನಿಯ ಕಾನೂನು. ಶಿರಸಿಯಲ್ಲಿ ಸ್ಟಾಂಪ್ ಪೇಪರಿನ ಮೇಲೆ ಏನು ಬರೆಸಿದರೂ ಅವರ ಪಾಸ್‌ಪೋರ್ಟ್ ಬದಲಾಗುವುದಿಲ್ಲ. ಪಾಸ್‌ಪೋರ್ಟ್ ಬದಲಾಗದೆ ಇಲ್ಲಿಯ ದಾಖಲೆ ಬದಲಾದರೆ ಒಬ್ಬರೇ ಇಬ್ಬರಾಗುತ್ತಾರೆ. ಜರ್ಮನಿಯಲ್ಲಿ ಮೊದಲ ಹೆಸರು ಬದಲಿಸಬೇಕೆಂದರೆ ಬಲವಾದ ಕಾರಣ ತೋರಿಸಬೇಕು. ಇಷ್ಟ ಎಂಬುದು ಅಲ್ಲಿ ಕಾರಣವಲ್ಲ. ಅವರ ಪಾಸ್‌ಪೋರ್ಟಿನಲ್ಲಿ ಸನ್ಯಾಸದ ಹೆಸರು ಅಥವಾ ಕಲಾವಿದರ ಹೆಸರು ಬರೆಯಲು ಬೇರೆ ಜಾಗ ಇದೆ. ಆದರೆ ಆ ಹೆಸರಿನಿಂದಲೇ ಅವರು ಹೊರಗೆ ಪರಿಚಿತರು ಎಂದು ಸಾಬೀತು ಮಾಡಬೇಕು. ಮನೆಯಲ್ಲಿ ಕರೆಯುವ ಹೆಸರಿಗೆ ಅದು ಸಿಗುವುದಿಲ್ಲ.

ಹಾಗಾಗಿ ವೀಸಾ, ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ, ಆಧಾರ್, ಪ್ಯಾನ್, ಬ್ಯಾಂಕ್ ಖಾತೆ, ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಇರಲಿ. ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ಇದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ, ಅದರಲ್ಲೂ ಪಾಸ್‌ಪೋರ್ಟಿನ ಹೆಸರೇ. ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿದ್ದರೆ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡಿಗೆ ಅರ್ಜಿ ಹಾಕಬಹುದು. ಆಗ ಮದುವೆ ಪ್ರಮಾಣಪತ್ರ, ಪಾಸ್‌ಪೋರ್ಟ್ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ. ಇಲ್ಲಿ ಒಂದು ಕಡೆ ಎಚ್ಚರ ಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿ ಮಾಡಲು ವಿದೇಶಿ ವಧುವಿಗೆ ಶುದ್ಧಿ (ಹಿಂದೂ ಧರ್ಮಕ್ಕೆ ಸೇರಿಸುವ ವಿಧಿ) ಮಾಡಿಸಿ, ಹೊಸ ಹಿಂದೂ ಹೆಸರು ಕೊಟ್ಟು, ಅದೇ ಹೆಸರನ್ನು ಪ್ರಮಾಣಪತ್ರದಲ್ಲಿ ಬರೆಸುವವರಿದ್ದಾರೆ. ಆಮೇಲೆ ಆ ಹೆಸರಿನವಳು ಯಾರು ಎಂದು ಪ್ರತಿಯೊಂದು ಕಚೇರಿಯಲ್ಲೂ ಕೇಳುತ್ತಾರೆ. ನಿಮ್ಮದು ಜರ್ಮನಿಯಲ್ಲೇ ನೋಂದಣಿಯಾಗಿದ್ದರೆ ಈ ತಾಪತ್ರಯ ಇಲ್ಲ.

ನಮ್ಮ ಜಿಲ್ಲೆಯದೇ ಇನ್ನೊಂದು ತೊಡಕು ಇದೆ. ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಹೆಸರು, ನಡುವೆ ಅಪ್ಪನ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು, ಹೀಗೆ ಬರೆಯುವ ರೂಢಿ ಅಲ್ಲಿಯದು. ಪಹಣಿಯಲ್ಲಿ, ಕೋರ್ಟಿನ ಕಾಗದದಲ್ಲಿ ಇನ್ನೂ ‘ಗಂಗಾ ಕೋಂ ನಾಗಪ್ಪ ನಾಯ್ಕ’ (ಕೋಂ ಅಂದರೆ ಹೆಂಡತಿ) ಎಂಬ ಧಾಟಿ ಇದೆ. ಕಚೇರಿಯ ಗುಮಾಸ್ತರು ಅಭ್ಯಾಸಬಲದಿಂದ ನಿಮ್ಮ ಹೆಂಡತಿಯ ಹೆಸರಿನ ನಡುವೆ ನಿಮ್ಮ ಹೆಸರು ತೂರಿಸಿಬಿಡುತ್ತಾರೆ. ಕೆಟ್ಟ ಉದ್ದೇಶ ಏನೂ ಇಲ್ಲ, ಎಲ್ಲರಿಗೂ ಹಾಗೆಯೇ ಬರೆಯುತ್ತಾರೆ. ನೀವು ಎದುರಿಗೆ ನಿಂತು ಓದಿ ನೋಡಿ. ಆಸ್ತಿಗೆ ಸಂಬಂಧಪಟ್ಟ ಕಾಗದ, ಉಯಿಲು ಬರೆಸುವಾಗಲೂ ಪಾಸ್‌ಪೋರ್ಟಿನ ಹೆಸರೇ ಮೊದಲು. ಬೇಕೆಂದರೆ ‘ಉರ್ಫ್ ಗೌರಿ’ ಎಂದು ಆಮೇಲೆ ಸೇರಿಸಲಿ. ವಕೀಲರ ಹತ್ತಿರ ಒಮ್ಮೆ ತೋರಿಸಿ.

ಕಾಗದದಲ್ಲೂ ಹೆಸರು ಬದಲಿಸಿದವರಿಲ್ಲವೇ ಎಂದರೆ ಇದ್ದಾರೆ. ಲಾಫ್ಕಾಡಿಯೊ ಹರ್ನ್ ಎಂಬ ಲೇಖಕ 1890ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕೊಯಿಜುಮಿ ಮನೆತನದ ಹೆಣ್ಣನ್ನು ಮದುವೆಯಾದರು. 1896ರಲ್ಲಿ ಆ ಮನೆಗೆ ದತ್ತು ಹೋಗಿ, ಜಪಾನಿನ ಪ್ರಜೆಯಾಗಿ, ಕೊಯಿಜುಮಿ ಯಾಕುಮೊ ಆದರು. ತಮ್ಮ ನಂತರ ಹೆಂಡತಿ ಮಕ್ಕಳಿಗೆ ಆಸ್ತಿ ತಪ್ಪಬಾರದು ಎಂಬ ಕಾಳಜಿ ಅದರ ಹಿಂದೆ ಇತ್ತು. ಪ್ರಜೆತನವನ್ನೇ ಬದಲಿಸುವಾಗ ಹೆಸರು ಬದಲಾಗುವುದು ಬೇರೆ ಮಾತು. ನಿಮ್ಮ ಹೆಂಡತಿ ಮುಂದೆಂದಾದರೂ ಭಾರತದ ಪೌರತ್ವ ತೆಗೆದುಕೊಂಡರೆ, ಗಂಡ ಭಾರತೀಯ ಎಂಬ ಆಧಾರದಲ್ಲಿ ಅದಕ್ಕೆ ಏಳು ವರ್ಷದ ವಾಸ ಬೇಕು, ಆಗ ಗೌರಿಯನ್ನು ಕಾಗದಕ್ಕೆ ತರಬೇಕೇ ಎಂದು ಯೋಚಿಸಿದರಾಯಿತು. ಈಗ ಅವಸರವಿಲ್ಲ.

ಅವಸರ ಇರುವುದು ಮಗುವಿನ ವಿಷಯದಲ್ಲಿ. ತಪ್ಪು ನಡೆಯುವುದು ಹೀಗೆ. ಹೆರಿಗೆಯಾಗಿರುತ್ತದೆ. ನೀವು ಔಷಧಿ ತರಲು ಕೆಳಗೆ ಹೋಗಿರುತ್ತೀರಿ. ನರ್ಸ್ ಫಾರ್ಮ್ ಹಿಡಿದು ಬರುತ್ತಾರೆ. ‘ತಾಯಿಯ ಹೆಸರು?’ ಬಾಗಿಲ ಹತ್ತಿರ ಕೂತ ಆಯಿ ಸಂತೋಷದಲ್ಲಿ ‘ಗೌರಿ’ ಎನ್ನುತ್ತಾರೆ. ‘ಗಂಡನ ಹೆಸರು?’ ಅದನ್ನೂ ಹೇಳುತ್ತಾರೆ. ಗೌರಿ, ನಿಮ್ಮ ಹೆಸರು, ನಿಮ್ಮ ಅಡ್ಡಹೆಸರು, ಮೂರೂ ಸೇರಿ ಒಬ್ಬ ಹೊಸ ತಾಯಿ ಫಾರ್ಮಿನಲ್ಲಿ ಹುಟ್ಟುತ್ತಾಳೆ. ಜನನ ನೋಂದಣಿಗೆ 21 ದಿನದ ಗಡುವು ಇರುವುದರಿಂದ ಆಸ್ಪತ್ರೆಯವರು ಬೇಗ ಕಳಿಸಿಬಿಡುತ್ತಾರೆ. ನಿಮಗೆ ತಿಳಿಯುವುದು ಪ್ರಮಾಣಪತ್ರ ಕೈಗೆ ಬಂದ ಮೇಲೆ, ಕೆಲವೊಮ್ಮೆ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ. ಜರ್ಮನಿಯ ಕಾನ್ಸುಲೇಟಿನಲ್ಲಿ ತಾಯಿಯ ಪಾಸ್‌ಪೋರ್ಟ್ ಒಂದು ಹೆಸರು ಹೇಳುತ್ತದೆ, ಮಗುವಿನ ಪ್ರಮಾಣಪತ್ರ ಇನ್ನೊಂದು. ತಿದ್ದುಪಡಿಗೆ ಅವಕಾಶ ಇದೆ, ರಿಜಿಸ್ಟ್ರಾರ್ ಹತ್ತಿರ ದಾಖಲೆ ಕೊಟ್ಟು ಮಾಡಿಸಬಹುದು. ಆದರೆ ಎಳೆ ಮಗುವನ್ನು ಎತ್ತಿಕೊಂಡು ಕಚೇರಿ ಸುತ್ತುವುದು ಯಾರಿಗೆ ಬೇಕು?

ಹಾಗಾಗಿ ಈಗಲೇ ಒಂದು ಕೆಲಸ ಮಾಡಿ. ಹೆಂಡತಿಯ ಪಾಸ್‌ಪೋರ್ಟಿನ ಮೊದಲ ಪುಟದ ಜೆರಾಕ್ಸ್ ಎರಡು ಪ್ರತಿ ಮಾಡಿಸಿ. ಒಂದನ್ನು ತಪಾಸಣೆಗೆ ಹೋಗುವ ಫೈಲಿನಲ್ಲಿ ಮೊದಲ ಹಾಳೆಯಾಗಿ ಇಡಿ, ಆಸ್ಪತ್ರೆಯ ಚೀಟಿಯಲ್ಲೂ ಅದೇ ಹೆಸರು ಬರೆಸಿ. ತಾಯಿ ಕಾರ್ಡಿನಲ್ಲಿ ಆಗಲೇ ಗೌರಿ ಎಂದು ಬರೆದಾಗಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ ತಿದ್ದಿಸಿ, ಏಕೆಂದರೆ ಆಸ್ಪತ್ರೆಯವರು ಅದನ್ನೇ ನೋಡಿ ಬರೆದುಕೊಳ್ಳುವುದುಂಟು. ಇನ್ನೊಂದು ಪ್ರತಿಯನ್ನು ಆಯಿಯ ಕೈಯಲ್ಲಿ ಕೊಡಿ. ಫಾರ್ಮ್ ಬಂದರೆ ಬಾಯಲ್ಲಿ ಏನೂ ಹೇಳದೆ ಆ ಕಾಗದ ತೋರಿಸಿದರೆ ಸಾಕು ಎಂದು ತಿಳಿಸಿ. ಮಗುವಿನ ಹೆಸರಿಗೆ ಅವಸರ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅಷ್ಟರಲ್ಲಿ ಎರಡೂ ಕಡೆಯ ಅಜ್ಜಿಯರು ಕೂತು ಮಾತಾಡಿ, ಇಬ್ಬರ ಬಾಯಿಗೂ ಬರುವ ಹೆಸರೊಂದನ್ನು ಹುಡುಕಲಿ.